ಎರಡು ಸಲ ಒತ್ತಿದರೂ ಬಾಯಿ ಬಿಡದ ತಮಗೆ

ಊಟದ ಕೋಣೆಯ ಮೂಲೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ, ಹಳೆಯ ದಿಂಬಿನ ಚೀಲವನ್ನೇ ಶಾಲಿನಂತೆ ಹೊದ್ದು ವಿರಾಜಮಾನರಾಗಿರುವ ಶ್ರೀಮಾನ್ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ, ಅದೇ ಮನೆಯಲ್ಲಿ ತಮಗಿಂತ ಇಪ್ಪತ್ತೆಂಟು ವರ್ಷ ಮೊದಲೇ ಬಂದು ಸೇರಿಕೊಂಡಿರುವ, ಹೆರಿಗೆ ವಾರ್ಡಿನ ನಿವೃತ್ತ ಹೆಡ್ ನರ್ಸ್ ಆದ ನಾನು ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮ ಫ್ಯಾನಿನ ಸದ್ದು ಅಡುಗೆಮನೆಯ ತನಕ ಕೇಳಿಸುತ್ತಿರುವುದರಿಂದ ಉಸಿರಾಟಕ್ಕಂತೂ ಕೊರತೆಯಿದ್ದಂತಿಲ್ಲ. ಇತ್ತ ನಾನೂ ಕ್ಷೇಮ. ಬಲಗೈಯ ತೋರುಬೆರಳು ಮಾತ್ರ ಈಗಲೂ ಒಮ್ಮೊಮ್ಮೆ, ನಾನು ಸುಮ್ಮನೆ ಕೂತಿರುವಾಗ, ತಾನಾಗಿಯೇ ಟಕ್ ಟಕ್ ಎಂದು ಎರಡು ಸಲ ಮಿಡಿಯುತ್ತದೆ. ಈ ದೂರನ್ನು ಮೂರು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ, ಏಕೆಂದರೆ 'ದಯವಿಟ್ಟು ಕಾಯಿರಿ' ಎಂಬ ಪಾಠವನ್ನು ನನಗೆ ಕಲಿಸಿದವರು ತಾವೇ. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ: ನಾಲ್ಕು ಗೋಡೆಗಳ ನಡುವೆ ತಮಗೆ ಹೇಳಬೇಕಾದದ್ದನ್ನೆಲ್ಲ ನಾನು ಆ ದಿನವೇ ಹೇಳಿ ಮುಗಿಸಿದ್ದೇನೆ, ಆ ಪೈಕಿ ಬಹುಪಾಲು ಮಾತುಗಳು ಪತ್ರದಲ್ಲಿ ಬರೆಯುವಂಥವಲ್ಲ.

ಓದುವ ಇತರರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ, ತಾವು ಬೇಕಾದರೆ ಅಷ್ಟು ಹೊತ್ತು ನಿದ್ದೆಗೆ ಜಾರಬಹುದು, ಅದು ಹೇಗೂ ತಮಗೆ ಅಭ್ಯಾಸ. ನಾನು ನಿವೃತ್ತಳಾದ ಮರುವರ್ಷ, ಸೂಪರಿಂಟೆಂಡೆಂಟರಿಂದ ಲಿಖಿತ ಅನುಮತಿ ಪಡೆದು, ನಮ್ಮ ವಾರ್ಡಿನ ಹತ್ತೊಂಬತ್ತು ವರ್ಷಗಳ ಹೆರಿಗೆ ರಿಜಿಸ್ಟರುಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ತಿಂಗಳಿಗೊಂದು ಕಡತದಂತೆ ಒಟ್ಟು ಇನ್ನೂರ ಇಪ್ಪತ್ತೆಂಟು ಕಡತಗಳನ್ನು ತಮ್ಮ ಹೊಟ್ಟೆಗೆ ಸೇರಿಸಿದೆ. ಅದಾದ ಎರಡೇ ವರ್ಷಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನೀರಿನ ಪೈಪು ಒಡೆದು ಮೂಲ ರಿಜಿಸ್ಟರುಗಳು ಕಲಸಿದ ಹಿಟ್ಟಾದವು. ನಾನು ಅವರಿಗೆ ಕೊಟ್ಟಿದ್ದ ಪೆನ್ ಡ್ರೈವನ್ನು ಅವರು 'ಬಹಳ ಭದ್ರವಾಗಿ' ಇಟ್ಟಿದ್ದಾರೆ, ಅಂದರೆ ಎಲ್ಲಿಟ್ಟಿದ್ದಾರೆಂದು ಅವರಿಗೂ ಗೊತ್ತಿಲ್ಲ. ಹೀಗಾಗಿ ಯಾರಿಗಾದರೂ ಹಳೆಯ ದಾಖಲೆ ಬೇಕಾದರೆ ಆಸ್ಪತ್ರೆಯ ಗುಮಾಸ್ತರು ನಮ್ಮ ಮನೆಗೆ ಕಳಿಸುತ್ತಾರೆ, ನಾನು ಪುಟವನ್ನು ಪ್ರಿಂಟ್ ಮಾಡಿಕೊಡುತ್ತೇನೆ, ಅವರು ಅದಕ್ಕೆ ಮೊಹರು ಒತ್ತುತ್ತಾರೆ. ಸಾವಿರಾರು ಜನ ಈ ಭೂಮಿಗೆ ಬಂದದ್ದಕ್ಕೆ ಈಗ ಉಳಿದಿರುವ ಏಕೈಕ ಸಾಕ್ಷಿ ತಾವು. ಸಾಕ್ಷಿಯೇ ಕಟಕಟೆಯಲ್ಲಿ ನಿಂತು ತುಟಿ ಹೊಲಿದುಕೊಂಡರೆ ಹೇಗಿರುತ್ತದೆಂಬುದೇ ಈ ಪತ್ರದ ವಿಷಯ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತಟ್ಟಿದವಳು ನೀಲಿ ಸಮವಸ್ತ್ರದ, ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸಿನ ಗೆರೆಯಿದ್ದ, ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಹೆಣ್ಣುಮಗಳು.

"ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಿಸ್ಟರ್. ಹುಟ್ಟಿದ್ದು ನಿಮ್ಮ ವಾರ್ಡಲ್ಲೇ ಅಂತೆ. ಅದಕ್ಕೊಂದು ರುಜುವಾತು ಬೇಕು, ಇವತ್ತು ಸಂಜೆ ಐದು ಗಂಟೆ ಒಳಗೆ," ಎಂದಳು.

ಕೂರಿಸಿ ನೀರು ಕೊಟ್ಟು ಕೇಳಿದಾಗ ಹೇಳಿದ್ದಿಷ್ಟು. ಅವಳಿಗೆ ಎರಡು ವರ್ಷವಿದ್ದಾಗಲೇ ತಾಯಿ ತೀರಿಕೊಂಡಳು. ಸಾಕಿದ ದೊಡ್ಡಮ್ಮ, ತನ್ನ ಮಗಳ ಜೊತೆ ಇವಳೂ ಶಾಲೆಗೆ ಹೋಗಿಬರಲಿ, ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ ಎಂದು ವಯಸ್ಸಿಗೆ ಮೂರು ವರ್ಷ ಸೇರಿಸಿ ಒಂದೇ ತರಗತಿಗೆ ಹಾಕಿಬಿಟ್ಟಳು. ಒಳ್ಳೆಯ ಉದ್ದೇಶವೇ. ಈಗ ಇವಳು ರೈಲು ಚಾಲಕಿಯ ಹುದ್ದೆಗೆ ಲಿಖಿತ ಪರೀಕ್ಷೆ ಪಾಸು ಮಾಡಿದ್ದಾಳೆ, ಕಣ್ಣಿನ ಪರೀಕ್ಷೆಯೂ ಆಗಿದೆ, ಆದರೆ ಮೂವತ್ತೆರಡು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ದೇಹಕ್ಕೆ ಮೂವತ್ತೊಂದು, ಕಾಗದಕ್ಕೆ ಮೂವತ್ತನಾಲ್ಕು. ಆಸ್ಪತ್ರೆಯ ಮೊಹರಿರುವ ದಾಖಲೆ ಅದೇ ದಿನ ರೈಲು ಕಚೇರಿಗೆ ತಲುಪಿದರೆ ಸರಿ, ಇಲ್ಲದಿದ್ದರೆ ಜೀವಮಾನವಿಡೀ ಬಸ್ಸಿನ ಅಡಿಯಲ್ಲೇ ಮಲಗಿ ಆಕಾಶದ ಬದಲು ಆಕ್ಸಲ್ ನೋಡುತ್ತಿರಬೇಕು. ಈ ಮಾತು ಅವಳದೇ.

"ಅಷ್ಟೇ ತಾನೇ, ಎರಡು ನಿಮಿಷದ ಕೆಲಸ ಕಣಮ್ಮ," ಎಂದೆ ನಾನು. ಮಾನ್ಯರೇ, ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಆ ಗಾದೆಯನ್ನು ಮಾಡಿದವರ ಮನೆಯಲ್ಲೂ ತಮ್ಮಂಥವರೊಬ್ಬರು ಇದ್ದಿರಬೇಕು.

ಅವಳು ಹುಟ್ಟಿದ ತಿಂಗಳ ಕಡತದ ಮೇಲೆ ಬಾಣವನ್ನಿಟ್ಟು ಎರಡು ಸಲ ಒತ್ತಿದೆ. ಅದು ತೆರೆಯಲಿಲ್ಲ. ಅದರ ಬದಲು ತಾವು ಒಂದು ಪೆಟ್ಟಿಗೆಯನ್ನು ಮುಂದೆ ತಂದು, 'ಈ ಕಡತವನ್ನು ಯಾವುದರಿಂದ ತೆರೆಯಲು ಇಷ್ಟಪಡುತ್ತೀರಿ?' ಎಂದು ನನ್ನನ್ನೇ ಕೇಳಿದಿರಿ. ಬಾಗಿಲಲ್ಲಿ ನಿಂತ ರೋಗಿಯನ್ನು ಡಾಕ್ಟರೇ 'ಯಾವ ಆಪರೇಷನ್ ಮಾಡಲಿ' ಎಂದು ಕೇಳುವಷ್ಟು ದೊಡ್ಡ ವಿನಯ ಅದು. ಪಟ್ಟಿಯಲ್ಲಿದ್ದ ಮೊದಲನೆಯದನ್ನು ಒತ್ತಿದೆ. ಪರದೆಯ ತುಂಬ ಚೌಕ, ಚುಕ್ಕೆ, ಪ್ರಶ್ನೆಚಿಹ್ನೆ, ಯಾವ ನರಮನುಷ್ಯರೂ ಆಡದ ಭಾಷೆ ಸುರಿಯಿತು. ಮುಚ್ಚಿ ಬೇರೆ ತಿಂಗಳನ್ನು ಒತ್ತಿದೆ, ಅದೇ ಪೆಟ್ಟಿಗೆ. ಬೇರೆ ವರ್ಷ, ಅದೇ ಪೆಟ್ಟಿಗೆ. ಆಗ ಗಮನಿಸಿದೆ: ಮೊದಲು ಕೆಂಪು ಗುರುತು ಹೊತ್ತು ಸಾಲಾಗಿ ನಿಂತಿರುತ್ತಿದ್ದ ನನ್ನ ಇನ್ನೂರ ಇಪ್ಪತ್ತೆಂಟು ಕಡತಗಳೂ ಈಗ ಬರಿಯ ಬಿಳಿ ಹಾಳೆಗಳಾಗಿ, ಮೈಲಿಬೇನೆ ತಗುಲಿದ ಮಕ್ಕಳನ್ನು ಬೇರೆ ವಾರ್ಡಿಗೆ ಹಾಕಿದಂತೆ ನಿಸ್ತೇಜವಾಗಿ ಮಲಗಿದ್ದವು.

ನನ್ನ ತಮ್ಮನಿಗೆ ಫೋನು ಮಾಡಿದೆ. ತಮ್ಮನ್ನು ನಮ್ಮ ಮನೆಗೆ ತಂದು ಕೂರಿಸಿದವನು ಅವನೇ ಆದ್ದರಿಂದ ಮದುವೆಯ ದಲ್ಲಾಳಿಯಷ್ಟೇ ಜವಾಬ್ದಾರಿ ಅವನಿಗೂ ಇದೆ.

"ಅಕ್ಕ, ತಪ್ಪು ನಿನ್ನ ಬೆರಳಿಂದು. ನೀನು ಒಂದ್ಸಲ ಒತ್ತಿ ಇನ್ನೊಂದ್ಸಲ ಒತ್ತೋ ಹೊತ್ತಿಗೆ ಅದು ಒಂದು ನಿದ್ದೆ ಮುಗಿಸಿರುತ್ತೆ," ಎಂದು, ಮೌಸಿನ ವೇಗ ತಗ್ಗಿಸುವ ಜಾಗ ತೋರಿಸಿದ. ತಗ್ಗಿಸಿದೆ. ಈಗ ತಾವು ಅದೇ ಪೆಟ್ಟಿಗೆಯನ್ನು ನಿಧಾನವಾಗಿ ಒತ್ತಿದರೂ ತೋರಿಸತೊಡಗಿದಿರಿ. "ಹಾಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡು," ಎಂದ. ಈ ಚಿಕಿತ್ಸೆಯನ್ನು ನಾನು ವಾರ್ಡಿನಲ್ಲಿ ಯಾರ ಮೇಲಾದರೂ ಪ್ರಯೋಗಿಸಿದ್ದರೆ ನನ್ನ ಪಿಂಚಣಿ ನಿಲ್ಲುತ್ತಿತ್ತು, ಇರಲಿ. ಆಫ್ ಮಾಡಿದೆ. ಆಗ ತಾವು, ಐದು ಗಂಟೆಯ ಗಡುವಿಟ್ಟುಕೊಂಡು ಒಬ್ಬ ಹೆಣ್ಣುಮಗಳು ಬೆನ್ನ ಹಿಂದೆ ನಿಂತಿದ್ದಾಳೆಂಬುದನ್ನು ಲೆಕ್ಕಿಸದೆ, ತಮ್ಮನ್ನು ತಾವು ಉತ್ತಮಪಡಿಸಿಕೊಳ್ಳುತ್ತಿರುವುದಾಗಿಯೂ ನಾವು ಕೈ ಹಚ್ಚಬಾರದೆಂದೂ ಪ್ರಕಟಿಸಿದಿರಿ. ಆತ್ಮೋನ್ನತಿಗೆ ಇಂಥದೇ ಮುಹೂರ್ತವೆಂದಿಲ್ಲ, ಒಪ್ಪುತ್ತೇನೆ. ಶೇಕಡಾ ಮೂವತ್ತೇಳರಲ್ಲಿ ತಾವು ಇಪ್ಪತ್ತು ನಿಮಿಷ ಧ್ಯಾನಸ್ಥರಾಗಿದ್ದ ಆ ಸ್ಥಿತಪ್ರಜ್ಞತೆಯನ್ನು ನನ್ನ ಸರ್ವೀಸಿನಲ್ಲಿ ಒಬ್ಬ ಹೆಡ್ ಕ್ಲರ್ಕರಲ್ಲಿ ಮಾತ್ರ ಕಂಡಿದ್ದೆ. ತಾವು ಕಣ್ಣು ಬಿಟ್ಟಾಗ ಹನ್ನೆರಡೂಕಾಲು. ಎರಡು ಸಲ ಒತ್ತಿದೆ. ಅದೇ ಪೆಟ್ಟಿಗೆ.

ಆ ಹೊತ್ತಿಗೆ ಮೆಕ್ಯಾನಿಕ್ ಹುಡುಗಿ ಕುರ್ಚಿಯ ಅಂಚಿಗೆ ಬಂದಿದ್ದಳು. ಗಡಿಯಾರ ನೋಡುವುದನ್ನು ನನಗೆ ಕಾಣದಂತೆ ಮಾಡುತ್ತಿದ್ದಳು, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಹೆರಿಗೆ ಕೋಣೆಯ ಹೊರಗೆ ಕಾಯುವವರ ಆ ಕೂರುವಿಕೆ ನನಗೆ ಗೊತ್ತು. ಅವರಿಗೆ 'ಇನ್ನೇನು ಆಗ್ತದೆ' ಎಂದು ಹೇಳಿ ಹೇಳಿ ಅಭ್ಯಾಸವಿದ್ದ ನನ್ನ ನಾಲಿಗೆ ಆ ದಿನ ಮೇಲೇಳಲಿಲ್ಲ.

ಮುಖ್ಯರಸ್ತೆಯ ಕಂಪ್ಯೂಟರ್ ರಿಪೇರಿಯವರಿಗೆ ಫೋನು ಮಾಡಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ ಕಾಯಿಲೆ ಕಂಡುಹಿಡಿದುಬಿಟ್ಟರು.

"ವೈರಸ್ಸು ಮೇಡಂ. ತಗೊಂಡ್ ಬನ್ನಿ, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ. ಶೋರೂಮಿಂದ ತಂದಂಗೆ ಆಗ್ಬಿಡುತ್ತೆ."

ನೆಗಡಿ ಬಂತೆಂದು ಮೂಗು ಕೊಯ್ಯುವ ಈ ಸಲಹೆಗೆ ನಾನು ಒಪ್ಪಿಬಿಟ್ಟಿದ್ದೆ ಎಂಬುದನ್ನು ಇಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಹೌದು, ತಮ್ಮ ವೈರುಗಳನ್ನು ಕೀಳಲು ಮೇಜಿನ ಕೆಳಗೆ ತೂರಿದ್ದೂ ನಿಜ. ಆಗ ಹಿಂದಿನಿಂದ ಅವಳ ದನಿ ಬಂತು.

"ಬೇಡ ಸಿಸ್ಟರ್, ಒಂದ್ನಿಮಿಷ. ಬಸ್ಸು ಸ್ಟಾರ್ಟ್ ಆಗ್ಲಿಲ್ಲ ಅಂತ ನಾವು ಮೊದಲೇ ಎಂಜಿನ್ ಇಳಿಸಲ್ಲ. ಕೊನೇ ಸಲ ಓಡಿದ್ದು ಯಾವಾಗ, ಆಮೇಲೆ ಯಾರು ಮುಟ್ಟಿದ್ರು, ಇವೆರಡು ಕೇಳ್ತೀವಿ. ಎಷ್ಟೋ ಸಲ ಅಷ್ಟರಲ್ಲೇ ಗೊತ್ತಾಗ್ಬಿಡುತ್ತೆ."

ಕೊನೆಯ ಸಲ ತೆರೆದದ್ದು ಮೂರು ವಾರದ ಹಿಂದೆ, ಯಾರೋ ಒಬ್ಬರಿಗೆ ಪ್ರಿಂಟ್ ಕೊಡಲು. ಆಮೇಲೆ ನಾನು ಮುಟ್ಟಿಲ್ಲ. ಹಾಗೆಂದು ಹೇಳಿ ಮೇಜಿನ ಕೆಳಗಿನಿಂದ ಎದ್ದವಳಿಗೆ ಕೋಣೆಯ ಆ ತುದಿಯಲ್ಲಿ ಒಂದು ದಿನಪತ್ರಿಕೆ ಕಾಣಿಸಿತು. ಅದರ ಹಿಂದೆ ನಮ್ಮ ಯಜಮಾನರು ಕೂತಿದ್ದರು. ಹತ್ತೂವರೆಯಿಂದ ಆ ಪತ್ರಿಕೆಯ ಪುಟ ತಿರುಗಿರಲಿಲ್ಲ.

ಇವರ ಪರಿಚಯವನ್ನು ತಮಗೆ ಮಾಡಿಕೊಡಬೇಕಾಗಿಲ್ಲ, ಮಿಕ್ಕವರಿಗೆ ಹೇಳುತ್ತೇನೆ. ನಮ್ಮವರು ನಲವತ್ತು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿಲ್ಲ. ಮಾತ್ರೆಯ ಡಬ್ಬಿಯೊಳಗಿನ ಚೀಟಿ ತಿದ್ದುತ್ತಾರೆ, ನಾನು ಬರೆದ ಸಾಮಾನಿನ ಪಟ್ಟಿ ತಿದ್ದಿ ಅಂಗಡಿಗೆ ಹೋಗುತ್ತಾರೆ, ಒಮ್ಮೆ ಲಿಫ್ಟಿನಲ್ಲಿ ಅಂಟಿಸಿದ್ದ ಎಚ್ಚರಿಕೆಯನ್ನು ತಿದ್ದುತ್ತ ನಾಲ್ಕು ಮಹಡಿ ಮೇಲೆ ಕೆಳಗೆ ಓಡಾಡಿದ್ದಾರೆ.

"ರೀ," ಎಂದೆ.

ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. "ನಾನು ಹಾಳು ಮಾಡ್ಲಿಲ್ಲ. ಸ್ವಲ್ಪ ಚೊಕ್ಕಟ ಮಾಡಿದೆ, ಅಷ್ಟೆ."

"ಏನು ಚೊಕ್ಕಟ ಮಾಡಿದ್ರಿ?"

"ಪ್ರತಿಯೊಂದು ಹೆಸರಿನ ಕೊನೇಲೂ ಒಂದು ಚುಕ್ಕೆ, ಅದಾದ್ಮೇಲೆ ಮೂರು ಇಂಗ್ಲಿಷ್ ಅಕ್ಷರ. ಪೂರ್ಣವಿರಾಮ ಹಾಕಿದ್ಮೇಲೂ ಮಾತಾಡೋದು ಯಾವ ವ್ಯಾಕರಣ ಹೇಳು. ತೆಗೆದೆ."

"ಎಲ್ಲದಕ್ಕೂ?"

"ಕೆಲಸ ಅಂದ್ಮೇಲೆ ಅರ್ಧಕ್ಕೆ ಬಿಡೋಕಾಗುತ್ತಾ. ಇನ್ನೂರ ಇಪ್ಪತ್ತೆಂಟೂ ತೆಗೆದೆ. ನಾಲ್ಕು ಮಧ್ಯಾಹ್ನ ಹಿಡೀತು."

ಮೆಕ್ಯಾನಿಕ್ ಹುಡುಗಿ ತುಂಬ ಮೃದುವಾಗಿ ಕೇಳಿದಳು: "ತೆಗೆಯೋವಾಗ ಕಂಪ್ಯೂಟರ್ ಏನೂ ಹೇಳ್ಲಿಲ್ವಾ ಸಾರ್?"

"ಹೇಳ್ತು. ಹೀಗೆ ಮಾಡಿದ್ರೆ ಕಡತ ಕೆಲಸಕ್ಕೆ ಬಾರದೆ ಹೋಗಬಹುದು, ನಿಮಗೆ ಖಚಿತವಾ ಅಂತ ಪ್ರತಿಸಲಾನೂ ಕೇಳ್ತು. ಪ್ರತಿಸಲಾನೂ ಖಚಿತ ಅಂದೆ."

"ಆ ಮೂರಕ್ಷರ ಯಾವುವು, ನೆನಪಿದೆಯಾ?"

"ತಪ್ಪುಗಳನ್ನ ನೆನಪಿಟ್ಟುಕೊಂಡು ಕೂತ್ರೆ ನಮ್ಮ ಕಸುಬು ನಡೀತಿತ್ತೇನಮ್ಮ? ತಿದ್ದಿದೆ, ಮರೆತೆ."

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಇದೇ ಜಾತಿಯ ಕಡತ, ಸಾರ್ ಕೈಗೆ ಸಿಗದೇ ಇರೋದು, ಒಂದಾದ್ರೂ ಇರುತ್ತೆ ನೋಡಿ ಸಿಸ್ಟರ್," ಎಂದಳು. ಹುಡುಕಿದೆವು. ಗ್ಯಾಸ್ ಒಲೆಯ ಕೈಪಿಡಿಯೊಂದು ತಮ್ಮ ಪರದೆಯ ಮೂಲೆಯಲ್ಲಿ ಕೆಂಪು ಗುರುತಿನೊಂದಿಗೆ ಬದುಕುಳಿದಿತ್ತು. ಎರಡು ಸಲ ಒತ್ತಿದರೆ ಅದು ಸಂಭ್ರಮದಿಂದ ಬಾಯಿ ತೆರೆದು ಬರ್ನರು ತೊಳೆಯುವ ಬಗೆಯನ್ನು ಹನ್ನೊಂದು ಭಾಷೆಗಳಲ್ಲಿ ವಿವರಿಸಿತು. ಅದರ ಹೆಸರಿಗೆ ಬಾಲವಿತ್ತು: ಚುಕ್ಕೆ, ಪಿ, ಡಿ, ಎಫ್.

"ಇದಕ್ಕೆ ಬಾಲ ಇದೆ, ಅವಕ್ಕಿಲ್ಲ. ಯಾವ ಮನೆ ಬಾಗಿಲು ತಟ್ಟಬೇಕು ಅಂತ ಹೇಳ್ತಿದ್ದದ್ದೇ ಆ ಬಾಲ," ಎಂದು ಅವಳು ಎದ್ದುಹೋಗಿ ಸಿಂಕಿನಲ್ಲಿ ಕೈ ತೊಳೆದು, ಸಮವಸ್ತ್ರದ ಬೆನ್ನಿಗೆ ಒರೆಸಿಕೊಂಡು ಬಂದು ಕೀಲಿಮಣೆಯ ಮುಂದೆ ಕೂತಳು. ತಾನು ಹುಟ್ಟಿದ ತಿಂಗಳ ಕಡತಕ್ಕೆ ಹೊಸ ಹೆಸರು ಕೊಡುವ ಜಾಗ ತೆರೆದು, ಕೊನೆಗೆ ಆ ಚುಕ್ಕೆಯನ್ನೂ ಮೂರಕ್ಷರಗಳನ್ನೂ ಒಂದೊಂದಾಗಿ ಒತ್ತಿದಳು. ತಾವು ಮತ್ತೆ ಕೇಳಿದಿರಿ, ಖಚಿತವೇ ಎಂದು. ಅವಳು ನನ್ನ ಮುಖ ನೋಡಿದಳು. ಹೌದು ಎಂದೆ. ಬಿಳಿ ಹಾಳೆಗೆ ಕೆಂಪು ಗುರುತು ಬಂತು. ನೀಲಿಗಟ್ಟಿ ಹುಟ್ಟಿದ ಮಗುವಿನ ಮೈಗೆ ಬಣ್ಣ ಬರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಆದ್ದರಿಂದ ಹೋಲಿಕೆ ಕೊಡುವ ಹಕ್ಕು ನನಗಿದೆ.

ಎರಡು ಸಲ ಒತ್ತಿದಳು. ತೆರೆಯಿತು.

ನಾಲ್ಕನೆಯ ಪುಟದಲ್ಲಿ ಅವಳಿದ್ದಳು. ಆ ಹೆರಿಗೆ ನನಗೆ ನೆನಪಿದೆ ಎಂದರೆ ಸುಳ್ಳಾದೀತು, ಆದರೆ ಅಕ್ಷರ ನನ್ನದೇ. ತಾರೀಖು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ, ಹೆಣ್ಣು ಮಗು, ತೂಕ ಒಂದು ಕಿಲೋ ಒಂಬೈನೂರು. ಷರಾ ಕಾಲಮಿನಲ್ಲಿ, 'ನಾಲ್ಕು ನಿಮಿಷ ಅಳಲಿಲ್ಲ.'

"ಈಗ್ಲೂ ಅಷ್ಟೆ," ಎಂದಳು ಅವಳು. ಆಮೇಲೆ ಅವಳ ಕಣ್ಣು ಕೊನೆಯ ಕಾಲಮಿಗೆ ಹೋಯಿತು. ಅಲ್ಲಿ ಬಲಕ್ಕೆ ವಾಲಿ, ಗೆರೆ ಬಿಟ್ಟು ಕೆಳಗೆ ಜಾರಿದ ಒಂದು ಸಹಿ ಇತ್ತು.

"ಇದು ಯಾರದು ಸಿಸ್ಟರ್?"

"ನಿಮ್ಮಮ್ಮಂದು. ಮನೆಗೆ ಕಳಿಸೋ ದಿನ ಮಗೂನ ಕೈಗೆ ಕೊಟ್ಟು ಸಹಿ ಹಾಕಿಸ್ಕೋತಿದ್ವಿ."

ತಾಯಿಯದೊಂದು ಫೋಟೋ ಮನೆಯಲ್ಲಿದೆ, ಆದರೆ ತಾಯಿ ಬರೆದ ಒಂದಕ್ಷರವನ್ನೂ ತಾನು ಈವರೆಗೆ ನೋಡಿರಲಿಲ್ಲವೆಂದು ಆಮೇಲೆ ಹೇಳಿದಳು. ಆ ಹೊತ್ತಿಗೆ ಕೇಳಿದ್ದು ಇಷ್ಟೇ: "ಯಾಕೆ ಹೀಗೆ ಜಾರಿದೆ?"

"ಎಲ್ಲರದೂ ಹಾಗೇ ಇರ್ತಿತ್ತು. ಒಂದು ಕೈಯಲ್ಲಿ ಪೆನ್ನು, ಒಂದು ಕೈಯಲ್ಲಿ ಮಗು."

"ಹಾಗಾದ್ರೆ ಇದು ಬರೆಯೋವಾಗ ಆ ಕೈಯಲ್ಲಿ ನಾನಿದ್ದೆ," ಎಂದು ಅವಳು ಪರದೆಯ ಮೇಲೆ, ಸಹಿಯ ಪಕ್ಕದ ಖಾಲಿ ಜಾಗದಲ್ಲಿ, ಬೆರಳಿಟ್ಟಳು.

ನಮ್ಮವರು ಪತ್ರಿಕೆ ಮಡಿಸಿಟ್ಟು ಬಂದು ನಮ್ಮ ಹಿಂದೆ ನಿಂತಿದ್ದರು. ಕನ್ನಡಕ ಏರಿಸಿ ಬಗ್ಗಿ ನೋಡಿದರು. ಆ ತಾಯಿ ತನ್ನ ಹೆಸರಿನಲ್ಲೊಂದು ಒತ್ತಕ್ಷರವನ್ನು ಬಿಟ್ಟಿದ್ದಳು. ನನಗೇ ಕಂಡಿತೆಂದಮೇಲೆ ಅವರಿಗೆ ಕಾಣದಿರಲು ಸಾಧ್ಯವಿಲ್ಲ. ಅವರ ಜೇಬಿನಲ್ಲಿ ಸದಾ ಇರುವ ಕೆಂಪು ಪೆನ್ನಿನ ಕಡೆ ಕೈ ಹೋದದ್ದನ್ನೂ ನೋಡಿದೆ.

"ಸರಿಯಾಗಿದೆ," ಎಂದರು. "ತಪ್ಪೇನಿಲ್ಲ."

ನಲವತ್ತು ವರ್ಷದ ಸರ್ವೀಸಿನಲ್ಲೂ ಅದರ ನಂತರವೂ ಅವರು ಬಿಟ್ಟುಕೊಟ್ಟ ಒಂದೇ ಒಂದು ತಪ್ಪು ಅದು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಆಮೇಲೆ ಅವರೇ ಎರಡು ಪ್ರತಿ ಪ್ರಿಂಟ್ ತೆಗೆದರು, ಒಂದು ಕಚೇರಿಗೆ, ಒಂದು ಅವಳಿಗೆ. ಒಂದೂಮುಕ್ಕಾಲಿಗೆ ಅವಳ ಬೈಕಿನ ಹಿಂದೆ ಕೂತು ನಾನೂ ಆಸ್ಪತ್ರೆಗೆ ಹೋದೆ, ಗುಮಾಸ್ತರು ಊಟ ಮುಗಿಸಿ ಬರುವವರೆಗೆ ಅವರ ಮೇಜಿನ ಮುಂದೆ ಹಳೆಯ ಹೆಡ್ ನರ್ಸಿನ ಮುಖ ಹಾಕಿಕೊಂಡು ಕೂತೆ. ಮೂರೂವರೆಗೆ ಮೊಹರು ಬಿತ್ತು. ನಾಲ್ಕು ಮೂವತ್ತೈದಕ್ಕೆ ರೈಲು ಕಚೇರಿಯ ಕಿಟಕಿಯೊಳಗೆ ಕಾಗದ ಹೋಯಿತು. ಹೋದ ವಾರ ಅವಳ ಫೋನು ಬಂದಿತ್ತು: ತರಬೇತಿ ಶುರುವಾಗಿದೆ, ಎಂಜಿನ್ನಿನ ಕಿಟಕಿಯಿಂದ ಆಕಾಶ ತುಂಬಾ ದೊಡ್ಡದಾಗಿ ಕಾಣುತ್ತದಂತೆ.

ಇನ್ನು ದೂರಿಗೆ ಬರುತ್ತೇನೆ. ಎಲ್ಲವೂ ಒಳ್ಳೆಯದಾಯಿತಲ್ಲ, ಇನ್ನೇನು ದೂರು ಎಂದು ತಾವು ಹುಬ್ಬೇರಿಸಬಹುದು. ತಪ್ಪು ತಮ್ಮದಲ್ಲ, ನಮ್ಮ ಮನೆಯದೇ ಎಂಬುದನ್ನು ಒಪ್ಪುತ್ತೇನೆ, ತಮ್ಮ ಬಗ್ಗೆ ಆ ದಿನ ಆಡಿದ ಮಾತುಗಳಲ್ಲಿ ಅರ್ಧದಷ್ಟನ್ನು ಹಿಂತೆಗೆದುಕೊಳ್ಳುತ್ತೇನೆ. ಮಿಕ್ಕರ್ಧ ಇರಲಿ, ಏಕೆಂದರೆ ತಾವು ನಮ್ಮವರನ್ನು ಇನ್ನೂರ ಇಪ್ಪತ್ತೆಂಟು ಸಲ 'ಖಚಿತವೇ' ಎಂದು ಕೇಳಿದಿರಿ, ಅವರು ಇನ್ನೂರ ಇಪ್ಪತ್ತೆಂಟು ಸಲ 'ಹೌದು' ಎಂದರು, ತಾವು ಇನ್ನೂರ ಇಪ್ಪತ್ತೆಂಟು ಸಲವೂ ನಂಬಿದಿರಿ. ಅವರ ಜೊತೆ ಮೂವತ್ತೆಂಟು ವರ್ಷ ಸಂಸಾರ ಮಾಡಿದ ನಾನು 'ಗ್ಯಾಸ್ ಆರಿಸಿದ್ರಾ' ಎಂದು ಕೇಳಿ, ಅವರು 'ಹೌದು' ಎಂದರೆ, ಎದ್ದುಹೋಗಿ ನೋಡಿಯೇ ಮಲಗುವುದು. ಅಷ್ಟು ಬುದ್ಧಿವಂತರೆನಿಸಿಕೊಂಡ ತಮಗೆ ಹತ್ತನೆಯ 'ಹೌದು' ಹೊತ್ತಿಗಾದರೂ, ಈ ಮನುಷ್ಯನ ಹೆಂಡತಿಯನ್ನೊಮ್ಮೆ ಕರೆದು ಕೇಳೋಣ ಎಂದು ಏಕೆ ಅನ್ನಿಸಲಿಲ್ಲ?

ಆದ್ದರಿಂದ ನನ್ನ ಬೇಡಿಕೆಗಳು ಹೀಗಿವೆ. ಇನ್ನುಮುಂದೆ ನಮ್ಮವರು ಯಾವುದನ್ನು ತಿದ್ದಲು ಬಂದರೂ ತಾವು ಆ ಪೆಟ್ಟಿಗೆಯಲ್ಲಿ 'ಮನೆಯವರಿಗೆ ಹೇಳಿದ್ದೀರಾ?' ಎಂದು ಕೇಳತಕ್ಕದ್ದು, ಮತ್ತು 'ಹೌದು' ಎಂದು ಅವರು ಒತ್ತಿದ ಕೂಡಲೇ ಅಡುಗೆಮನೆಯಲ್ಲಿ ಗಂಟೆ ಬಾರಿಸತಕ್ಕದ್ದು. ಎರಡನೆಯದಾಗಿ, ಪ್ರಾಯಶ್ಚಿತ್ತವೆಂದು ಅವರು ಈಗ ದಿನಕ್ಕೆರಡರಂತೆ ಕಡತಗಳಿಗೆ ಬಾಲ ಅಂಟಿಸುತ್ತ, ಅಂಟಿಸಿದ್ದನ್ನೆಲ್ಲ ತೆರೆದು ಓದಿ, ನಾನು ಮೂವತ್ತು ವರ್ಷದ ಹಿಂದೆ, ಎರಡು ಹೆರಿಗೆಗಳ ನಡುವೆ ನಿಂತುಕೊಂಡು ಬರೆದ ವಾಕ್ಯಗಳಲ್ಲಿನ ಕಾಗುಣಿತದ ದೋಷಗಳನ್ನು ಊಟದ ಹೊತ್ತಿಗೆ ಹೇಳುತ್ತಿದ್ದಾರೆ. ದೋಷಗಳಿರುವ ಪುಟಗಳನ್ನು ಅವರಿಗೆ ಮಾತ್ರ ತೆರೆಯದಿರುವ ವ್ಯವಸ್ಥೆಯಾಗಬೇಕು. ಮೂರನೆಯದು ಸ್ವಲ್ಪ ಸೂಕ್ಷ್ಮ. ಆ ಹುಡುಗಿ ಡಿಪೋದಲ್ಲಿ ಸುದ್ದಿ ಹೇಳಿದ ಮೇಲೆ ವಾರಕ್ಕೆ ನಾಲ್ಕೈದು ಜನ ಬರುತ್ತಿದ್ದಾರೆ, ಕಂಡಕ್ಟರು, ಟೈರಿನವರು, ಕ್ಯಾಂಟೀನಿನವಳು. ಯಾರಿಗೂ ದಾಖಲೆ ಬೇಕಾಗಿಲ್ಲ. ಗುರುತಿನ ಚೀಟಿ ತೋರಿಸಿ, ತಂತಮ್ಮ ಪುಟವನ್ನಷ್ಟೇ ತೆರೆಸಿ, ಜಾರಿದ ಆ ಸಹಿಯನ್ನು ನೋಡಿ ಹೋಗುತ್ತಾರೆ. ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ ಅವರೆಲ್ಲ ಬರುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಅದು ನನ್ನ ನಿದ್ದೆಯ ಹೊತ್ತು. ದಯಮಾಡಿ ವಾರದಲ್ಲಿ ಒಂದು ದಿನ, ತಮಗೆ ಅನುಕೂಲವಾದ ದಿನ, ಆ ಎರಡು ಗಂಟೆಗಳ ಮಟ್ಟಿಗೆ ಮಾತ್ರ, ಎಷ್ಟು ಒತ್ತಿದರೂ ತೆರೆಯದಿರುವ ಕೃಪೆ ಮಾಡಬೇಕೆಂದು ಕೋರುತ್ತೇನೆ. ಆ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ಉತ್ತರವನ್ನು ನಿರೀಕ್ಷಿಸುತ್ತ, ಅದು ಶೇಕಡಾ ಮೂವತ್ತೇಳರಲ್ಲಿ ನಿಲ್ಲದಿರಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ
(ವಿಶ್ವಾಸವಿರುವುದು ಖಚಿತವೇ ಎಂದು ಕೇಳಬೇಡಿ)
ಊಟದ ಕೋಣೆಯ ಹಿರಿಯ ನಿವಾಸಿ

ತಾ.ಕ.: ಈ ಪತ್ರವನ್ನು ತಮ್ಮ ನೆರವಿಲ್ಲದೆ ಕಾಗದದ ಮೇಲೆ ಕೈಯಲ್ಲೇ ಬರೆದಿದ್ದೇನೆ. ಎರಡಾಗಿ ಮಡಿಸಿ ತಮ್ಮ ಕೀಲಿಮಣೆಯ ಮೇಲಿಟ್ಟಿದ್ದೇನೆ. ತೆರೆಯಲು ಒಂದು ಸಲ ಬಿಡಿಸಿದರೆ ಸಾಕು. ಯಾವುದರಿಂದ ಎಂದು ಅದು ಯಾರನ್ನೂ ಕೇಳುವುದಿಲ್ಲ.